ಗ್ರಾಮಾಂತರವಿಲ್ಲದ ಗ್ರಾಮಾಂತರ ಕ್ಷೇತ್ರ

ಬೆಂಗಳೂರು ಗ್ರಾಮಾಂತರ ಎಂದು ನಾವೆಲ್ಲ ಬಲ್ಲ ಜಿಲ್ಲೆಯಲ್ಲಿ ನಾಲ್ಕು ತಾಲ್ಲೂಕುಗಳಿವೆ: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ. ಅದೇ ಹೆಸರಿನ ಒಂದು ಲೋಕಸಭಾ ಕ್ಷೇತ್ರವೂ ಇದೆ. ಆದರೆ ಆ ಕ್ಷೇತ್ರದಲ್ಲಿ ಈ ನಾಲ್ಕು ತಾಲ್ಲೂಕುಗಳ ಪೈಕಿ ಒಂದೂ ಇಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಮತದಾರರು 2024ರ ಏಪ್ರಿಲ್ 26ರಂದು ಮತಗಟ್ಟೆಗೆ ಹೋಗಿ ಆರಿಸಿದ್ದು ಚಿಕ್ಕಬಳ್ಳಾಪುರದ ಸಂಸದರನ್ನು. ಅದೇ ದಿನ ‘ಬೆಂಗಳೂರು ಗ್ರಾಮಾಂತರ’ದ ಸಂಸದರನ್ನು ಆರಿಸಿದವರು ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ಆನೇಕಲ್, ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ ಮತ್ತು ತುಮಕೂರು ಜಿಲ್ಲೆಗೆ ಸೇರಿದ ಕುಣಿಗಲ್‌ನ ಮತದಾರರು. ಆ ಕ್ಷೇತ್ರದ ಚುನಾವಣಾಧಿಕಾರಿಯ ಕಚೇರಿ ಇರುವುದೂ ರಾಮನಗರದಲ್ಲೇ.

ಚಿಕ್ಕಬಳ್ಳಾಪುರ ಕ್ಷೇತ್ರದ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಅದರ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯವು ಮೂರೇ ಮೂರು: ಗೌರಿಬಿದನೂರು, ಬಾಗೇಪಲ್ಲಿ ಮತ್ತು ಚಿಕ್ಕಬಳ್ಳಾಪುರ. ಅದೇ ಜಿಲ್ಲೆಯ ಶಿಡ್ಲಘಟ್ಟ, ಚಿಂತಾಮಣಿಗಳು ಕೋಲಾರ ಲೋಕಸಭಾ ಕ್ಷೇತ್ರಕ್ಕೆ ಹೋಗಿವೆ. ಉಳಿದ ಐದರಲ್ಲಿ ನಾಲ್ಕು ಬೆಂಗಳೂರು ಗ್ರಾಮಾಂತರ ಜಿಲ್ಲೆಯವು, ಒಂದು ಬೆಂಗಳೂರು ನಗರ ಜಿಲ್ಲೆಯ ಯಲಹಂಕ. ಅಂದರೆ ಹೆಸರು ಒಂದು ಜಿಲ್ಲೆಯದು, ಹೆಚ್ಚಿನ ಭಾಗ ಇನ್ನೊಂದು ಜಿಲ್ಲೆಯದು.

‘ಹೆಸರಿನಲ್ಲೇನಿದೆ?’ ಎಂದು ಕೇಳುವವರಿದ್ದಾರೆ. ಹೆಸರಿನಲ್ಲಿ ಏನೂ ಇಲ್ಲದಿದ್ದರೆ ಸರಕಾರಗಳು ಹೆಸರು ಬದಲಿಸಲು ಇಷ್ಟೊಂದು ಉತ್ಸಾಹ ತೋರಿಸುತ್ತಿದ್ದವೇ? 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ರಾಜ್ಯ ಸಂಪುಟ ಒಪ್ಪಿತು. ಅದೇ ವರ್ಷದ ಜುಲೈಯಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಂಪುಟ, ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ‘ಬೆಂಗಳೂರು ಉತ್ತರ’ ಎಂದು ಕರೆಯಲು ತೀರ್ಮಾನಿಸಿತು. ಗೊಂದಲ ಕಡಿಮೆಯಾಯಿತೇ? ಬೆಂಗಳೂರು ಉತ್ತರ ಎಂಬ ಲೋಕಸಭಾ ಕ್ಷೇತ್ರವೊಂದು ಮೊದಲೇ ಇದೆ, ಅದರಲ್ಲೂ ಈ ನಾಲ್ಕು ತಾಲ್ಲೂಕುಗಳಿಲ್ಲ! ಮಧುರೆಯ ರೈತನಿಗೆ ಹಳೆಯ ಹೆಸರಿನ ಸಂಸದನೂ ತನ್ನವನಲ್ಲ, ಹೊಸ ಹೆಸರಿನ ಸಂಸದನೂ ತನ್ನವನಲ್ಲ.

ಆದರೆ ನಮ್ಮ ತಕರಾರು ಹೆಸರಿಗೆ ಸೀಮಿತವಾದುದಲ್ಲ. ಹೆಸರಿನ ಈ ಗೊಂದಲ ರೋಗದ ಲಕ್ಷಣ ಮಾತ್ರ. ರೋಗ ಇರುವುದು ಗೆರೆಯಲ್ಲಿ. ನಾವು ಚುನಾವಣೆಯ ಬಗ್ಗೆ ಮಾತನಾಡುವಾಗ ಟಿಕೆಟ್, ಜಾತಿ ಲೆಕ್ಕಾಚಾರ, ಹಣ, ಮೈತ್ರಿ ಎಲ್ಲವನ್ನೂ ಚರ್ಚಿಸುತ್ತೇವೆ. ಮತ ಹಾಕುವ ಮುನ್ನವೇ ಮತದ ಭವಿಷ್ಯವನ್ನು ಅರ್ಧ ನಿರ್ಧರಿಸಿಬಿಡುವ ಕ್ಷೇತ್ರದ ಗಡಿರೇಖೆಯನ್ನು ಮಾತ್ರ ಚರ್ಚಿಸುವುದಿಲ್ಲ.

ಎಂಟಕ್ಕೆ ಎಂಟು ಇದ್ದರೂ ಒಡೆದರು

ಈಗಿನ ಗೆರೆಗಳನ್ನು ಎಳೆದದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗ. 2002ರ ಕಾಯ್ದೆಯಡಿ ರಚನೆಯಾದ ಆ ಆಯೋಗ 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡಿತು. 2008ರ ಫೆಬ್ರವರಿಯಲ್ಲಿ ಹೊಸ ಗೆರೆಗಳು ಜಾರಿಗೆ ಬಂದವು. ಅವುಗಳ ಮೇಲೆ ದೇಶದಲ್ಲೇ ಮೊದಲ ವಿಧಾನಸಭಾ ಚುನಾವಣೆ ನಡೆದದ್ದು ಅದೇ ಮೇ ತಿಂಗಳಲ್ಲಿ, ನಮ್ಮ ಕರ್ನಾಟಕದಲ್ಲಿ.

ಆಯೋಗ ಕೆಲಸ ಮಾಡುತ್ತಿದ್ದಾಗ ರಾಮನಗರ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. 1986ರಲ್ಲಿ ರೂಪುಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಆಗ ಎಂಟು ತಾಲ್ಲೂಕುಗಳಿದ್ದವು: ಈಗಿನ ನಾಲ್ಕು, ಜೊತೆಗೆ ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ. ಆಯೋಗ ಈ ಜಿಲ್ಲೆಗೆ ನಿಗದಿಪಡಿಸಿದ ವಿಧಾನಸಭಾ ಕ್ಷೇತ್ರಗಳೂ ಎಂಟು. ಇಂದಿಗೂ ಅವುಗಳ ಕ್ರಮಸಂಖ್ಯೆ ಒಂದರ ಹಿಂದೊಂದರಂತೆ 178ರಿಂದ 185ರವರೆಗೆ ಸಾಗುತ್ತದೆ.

ಈಗ ಒಂದು ಸರಳ ಲೆಕ್ಕ ನೋಡಿ. ಕರ್ನಾಟಕದಲ್ಲಿ ವಿಧಾನಸಭಾ ಕ್ಷೇತ್ರಗಳು 224, ಲೋಕಸಭಾ ಕ್ಷೇತ್ರಗಳು 28. ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರಗಳು. 2001ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ ಸುಮಾರು 5 ಕೋಟಿ 28 ಲಕ್ಷ. ಅದನ್ನು 28ರಿಂದ ಭಾಗಿಸಿದರೆ ಒಂದು ಲೋಕಸಭಾ ಕ್ಷೇತ್ರಕ್ಕೆ ಸುಮಾರು 18 ಲಕ್ಷ 87 ಸಾವಿರ ಜನ. ಅಂದಿನ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ ಎಷ್ಟಿತ್ತು? ಸುಮಾರು 18 ಲಕ್ಷ 81 ಸಾವಿರ! ಜಿಲ್ಲೆಯೊಂದು ಲೋಕಸಭಾ ಕ್ಷೇತ್ರದ ಅಳತೆಗೆ ಇಷ್ಟು ಕರಾರುವಾಕ್ಕಾಗಿ ಹೊಂದಿಕೊಂಡ ಉದಾಹರಣೆ ಸಿಗುವುದು ಅಪರೂಪ. ಆದರೂ ಅದನ್ನು ನಾಲ್ಕು ಮತ್ತು ನಾಲ್ಕು ಎಂದು ಇಬ್ಭಾಗ ಮಾಡಲಾಯಿತು. ದಕ್ಷಿಣದ ನಾಲ್ಕನ್ನು ಹಳೆಯ ಕನಕಪುರ ಕ್ಷೇತ್ರದ ಜಾಗದಲ್ಲಿ ಬಂದ ‘ಬೆಂಗಳೂರು ಗ್ರಾಮಾಂತರ’ಕ್ಕೂ ಉತ್ತರದ ನಾಲ್ಕನ್ನು ಚಿಕ್ಕಬಳ್ಳಾಪುರಕ್ಕೂ ಹಂಚಲಾಯಿತು. 2007ರ ಆಗಸ್ಟ್‌ನಲ್ಲಿ ರಾಮನಗರ ಜಿಲ್ಲೆ ಪ್ರತ್ಯೇಕವಾದಾಗ ಕ್ಷೇತ್ರದ ಹೆಸರು ಒಂದು ಕಡೆ, ಜಿಲ್ಲೆ ಇನ್ನೊಂದು ಕಡೆ ಉಳಿದವು.

ಹೀಗೇಕಾಯಿತು? ಉತ್ತರ ಪಕ್ಕದ ಜಿಲ್ಲೆಯಲ್ಲಿದೆ. ಬೆಂಗಳೂರು ನಗರ ಜಿಲ್ಲೆಗೆ ದಕ್ಕಿದ್ದು 28 ವಿಧಾನಸಭಾ ಕ್ಷೇತ್ರಗಳು. ಎಂಟೆಂಟರಂತೆ ಮೂರು ಲೋಕಸಭಾ ಕ್ಷೇತ್ರಗಳನ್ನು ಕಟ್ಟಿದ ಮೇಲೆ ನಾಲ್ಕು ಮಿಕ್ಕವು. ಮಿಕ್ಕ ನಾಲ್ಕನ್ನು ಎಲ್ಲಿಗಾದರೂ ಸೇರಿಸಲೇಬೇಕಿತ್ತು. ಯಲಹಂಕವನ್ನು ಚಿಕ್ಕಬಳ್ಳಾಪುರಕ್ಕೆ ಜೋಡಿಸಿದರು. ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಆನೇಕಲ್‌ಗಳನ್ನು ‘ಗ್ರಾಮಾಂತರ’ಕ್ಕೆ ಜೋಡಿಸಿದರು. ನಗರ ತನ್ನ ಕಸವನ್ನು ಮಾವಳ್ಳಿಪುರಕ್ಕೂ ಮಂಡೂರಿಗೂ ಸಾಗಿಸಿದ್ದು ನಮಗೆಲ್ಲ ಗೊತ್ತು. ತನ್ನ ಲೆಕ್ಕದಲ್ಲಿ ಮಿಕ್ಕಿದ್ದನ್ನೂ ಅದು ಹಳ್ಳಿಗಳ ಮೇಲೆ ಹಾಕಿತೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಫಲಿತಾಂಶ ಕಣ್ಣ ಮುಂದಿದೆ. 2024ರಲ್ಲಿ ಬೆಂಗಳೂರು ಗ್ರಾಮಾಂತರ ಕ್ಷೇತ್ರದ ಸುಮಾರು 28 ಲಕ್ಷ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಗರ ಜಿಲ್ಲೆಯಿಂದ ಬಂದ ಆ ಮೂರು ಭಾಗಗಳವರು. ಕನಕಪುರದ ರೇಷ್ಮೆ ಬೆಳೆಗಾರ, ಮಾಗಡಿಯ ರಾಗಿ ಬೆಳೆಗಾರ ತನ್ನ ಹೆಸರಿನ ಕ್ಷೇತ್ರದಲ್ಲೇ ಅಲ್ಪಸಂಖ್ಯಾತ. ಗೆದ್ದವರು ಯಾವ ಪಕ್ಷದವರು ಎಂಬುದು ಇಲ್ಲಿ ಮುಖ್ಯವಲ್ಲ. ನಗರದ ಹೊರವಲಯದ ಬಡಾವಣೆಗಳೇ ‘ಗ್ರಾಮಾಂತರ’ದ ಪ್ರತಿನಿಧಿಯನ್ನು ನಿರ್ಧರಿಸುವ ಸ್ಥಿತಿ ಬಂದಿದೆ ಎಂಬುದೇ ಮುಖ್ಯ.

ಆಯೋಗದ ಪರವಾಗಿ ಒಂದು ವಾದವಿದೆ. ಹಳೆಯ ಗ್ರಾಮಾಂತರ ಜಿಲ್ಲೆ ಬೆಂಗಳೂರು ನಗರವನ್ನು ಅರ್ಧಚಂದ್ರದಂತೆ ಸುತ್ತುವರಿದಿತ್ತು, ಹೊಸಕೋಟೆಯಿಂದ ಕನಕಪುರಕ್ಕೆ ಬಹಳ ದೂರ, ಕ್ಷೇತ್ರ ಅಡಕವಾಗಿರಬೇಕೆಂದು ಕಾಯ್ದೆ ಹೇಳುತ್ತದೆ ಎಂಬುದು ಆ ವಾದ. ಕಾಯ್ದೆಯ 9ನೇ ಕಲಮು ಹಾಗೆ ಹೇಳುತ್ತದೆ ಎಂಬುದು ನಿಜ. ಆದರೆ ಅದೇ ಕಲಮು ಆಡಳಿತ ಘಟಕಗಳ ಗಡಿ, ಸಂಚಾರ ಸೌಲಭ್ಯ ಮತ್ತು ಸಾರ್ವಜನಿಕರ ಅನುಕೂಲವನ್ನೂ ಗಮನಿಸಬೇಕೆಂದು ಹೇಳುತ್ತದೆ. ನೆಲಮಂಗಲದಿಂದ ಆಂಧ್ರದ ಗಡಿಯ ಬಾಗೇಪಲ್ಲಿಯವರೆಗೆ ಚಾಚಿದ ಕ್ಷೇತ್ರ ಯಾವ ಅರ್ಥದಲ್ಲಿ ಅಡಕವಾದುದು? ಆನೇಕಲ್‌ನಿಂದ ಕುಣಿಗಲ್‌ವರೆಗೆ ಚಾಚಿದ ಕ್ಷೇತ್ರ?

ಒಂದು ನದಿ, ಎರಡು ಕ್ಷೇತ್ರ

ಈ ಗೆರೆ ಏನನ್ನು ಕತ್ತರಿಸಿತು ಎಂದು ತಿಳಿಯಬೇಕಾದರೆ ಅರ್ಕಾವತಿಯನ್ನು ನೋಡಬೇಕು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳನ್ನು ದಾಟಿ, ರಾಮನಗರ, ಕನಕಪುರಗಳ ಮೂಲಕ ಹರಿದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಮಧುರೆಯ ದೊಡ್ಡ ಕೆರೆಯೂ ಇದೇ ಜಲಾನಯನದ ಭಾಗ. ಹಳೆಯ ಗ್ರಾಮಾಂತರ ಜಿಲ್ಲೆಯ ಬೆನ್ನೆಲುಬಿನಂತಿದ್ದ ನದಿ ಇದು. ಇಂದು ಅದರ ಮೇಲ್ಭಾಗ ಒಬ್ಬ ಸಂಸದರ ಕ್ಷೇತ್ರದಲ್ಲಿದೆ, ಕೆಳಭಾಗ ಇನ್ನೊಬ್ಬರ ಕ್ಷೇತ್ರದಲ್ಲಿದೆ. ದೊಡ್ಡಬಳ್ಳಾಪುರದ ಕೈಗಾರಿಕೆಗಳ ಮತ್ತು ಪಟ್ಟಣದ ಕೊಳಚೆಯಿಂದ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳು ಕೆಟ್ಟುಹೋಗಿವೆ, ಸುತ್ತಲ ಹಳ್ಳಿಗಳ ಜನ ಕುಡಿಯುವ ನೀರಿಗಾಗಿ ವರ್ಷಗಳಿಂದ ಹೋರಾಡುತ್ತಿದ್ದಾರೆ. ಈ ಕೊಳಕು ಹರಿಯುವ ದಿಕ್ಕಿನ ಜನರಿಗೂ ಮೂಲದ ಜನರಿಗೂ ಒಬ್ಬನೇ ಪ್ರತಿನಿಧಿ ಇದ್ದಿದ್ದರೆ ಅರ್ಕಾವತಿಯ ಪ್ರಶ್ನೆ ಸಂಸತ್ತಿನಲ್ಲಿ ಒಂದೇ ಪ್ರಶ್ನೆಯಾಗುತ್ತಿತ್ತು. ಈಗ ಅದು ಎರಡು ತುಂಡು.

ಎತ್ತಿನಹೊಳೆಯನ್ನು ನೋಡಿ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಮುಂತಾದ ಜಿಲ್ಲೆಗಳಿಗೆ ಕುಡಿಯುವ ನೀರು ತರುತ್ತೇವೆಂದು 2014ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಶಂಕುಸ್ಥಾಪನೆ ಮಾಡಲಾಯಿತು. ಮೊದಲ ಹಂತದ ಉದ್ಘಾಟನೆ ನಡೆದದ್ದು 2024ರ ಸೆಪ್ಟೆಂಬರ್‌ನಲ್ಲಿ, ಅದೂ ಸಕಲೇಶಪುರದ ಕಡೆ. ಈ ನಡುವೆ ಮೂರು ಲೋಕಸಭಾ ಚುನಾವಣೆಗಳು ಮುಗಿದವು. ಚಿಕ್ಕಬಳ್ಳಾಪುರದಿಂದ ವೀರಪ್ಪ ಮೊಯಿಲಿ, ಬಿ.ಎನ್. ಬಚ್ಚೇಗೌಡ, ಡಾ. ಕೆ. ಸುಧಾಕರ್ ಎಂದು ಮೂವರು ಗೆದ್ದರು. ಮತ ಕೇಳಿದವರೆಲ್ಲರೂ ನೀರಿನ ಹೆಸರಿನಲ್ಲೇ ಕೇಳಿದರು.

ಇನ್ನು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ. 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳುವುದರ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಭೂಸ್ವಾಧೀನವನ್ನು ಕೈಬಿಟ್ಟುದಾಗಿ ಪ್ರಕಟಿಸಿದರು. ಆ ರೈತರಿಗೆ ನಮ್ಮ ಅಭಿನಂದನೆಗಳು. ಆದರೆ ಈ ಗೆಲುವಿನೊಳಗೆ ಒಂದು ಕಹಿ ಸತ್ಯವೂ ಅಡಗಿದೆ. ಅವರಿಗೆ ದಾರಿ ತೆರೆದುಕೊಟ್ಟದ್ದು ಮತಪೆಟ್ಟಿಗೆಯಲ್ಲ, ಧರಣಿಯ ಚಪ್ಪರ. ಮತಪೆಟ್ಟಿಗೆಯ ದಾರಿ ಸಲೀಸಾಗಿದ್ದರೆ ಚಪ್ಪರದಡಿ ಅಷ್ಟು ದಿನ ಕೂರಬೇಕಿತ್ತೇ?

ಪ್ರತಿವಾದವನ್ನೂ ಇಲ್ಲಿ ಪರಿಶೀಲಿಸೋಣ. ದೊಡ್ಡಬಳ್ಳಾಪುರದವರೇ ಆದ ಆರ್.ಎಲ್. ಜಾಲಪ್ಪನವರು 1996ರಿಂದ ಸತತ ನಾಲ್ಕು ಬಾರಿ ಚಿಕ್ಕಬಳ್ಳಾಪುರದಿಂದ ಗೆದ್ದರು. ನೇಕಾರರ ಊರಿನ ಅವರು ಕೇಂದ್ರದ ಜವಳಿ ಸಚಿವರೂ ಆದರು. ಹಾಗಿದ್ದರೆ ಕ್ಷೇತ್ರದ ಹೆಸರು ಯಾವುದಾದರೇನು ಎಂದು ಕೇಳಬಹುದು. ಸರಿಯೇ. ಒಬ್ಬ ಸಮರ್ಥ ವ್ಯಕ್ತಿ ಯಾವ ಗೆರೆಯನ್ನಾದರೂ ಮೀರಿ ಕೆಲಸ ಮಾಡಬಲ್ಲ. ಆದರೆ ವ್ಯವಸ್ಥೆಯನ್ನು ವ್ಯಕ್ತಿಯ ಮೇಲೆ ಕಟ್ಟಲಾಗದು. ಇಂದು ಒಬ್ಬ ಸಂಸದ ಮೂರು ಜಿಲ್ಲಾಧಿಕಾರಿಗಳೊಂದಿಗೆ ವ್ಯವಹರಿಸಬೇಕು. ಒಬ್ಬ ಗ್ರಾಮಸ್ಥನ ಜಿಲ್ಲಾಡಳಿತ ದೇವನಹಳ್ಳಿ ತಾಲ್ಲೂಕಿನಲ್ಲಿ, ಚುನಾವಣಾಧಿಕಾರಿ ಚಿಕ್ಕಬಳ್ಳಾಪುರದಲ್ಲಿ. ಹೊಣೆ ಯಾರದು ಎಂದು ಆತ ಕೇಳಿದರೆ ಎಲ್ಲರೂ ಇನ್ನೊಬ್ಬರತ್ತ ಬೆರಳು ತೋರಿಸಬಹುದು.

ಮತದ ತೂಕ

ಸಂವಿಧಾನ ಎಲ್ಲ ಮತಗಳಿಗೂ ಒಂದೇ ಬೆಲೆ ಕೊಟ್ಟಿದೆ. ಗೆರೆ ಅದನ್ನು ಕದ್ದುಬಿಡುತ್ತದೆ. 2024ರಲ್ಲಿ ಬೆಂಗಳೂರು ಉತ್ತರ ಕ್ಷೇತ್ರದಲ್ಲಿ ಸುಮಾರು 32 ಲಕ್ಷ ಮತದಾರರಿದ್ದರು. ಉಡುಪಿ-ಚಿಕ್ಕಮಗಳೂರಿನಲ್ಲಿದ್ದವರು 16 ಲಕ್ಷಕ್ಕೂ ಕಡಿಮೆ. ಒಂದೇ ರಾಜ್ಯದಲ್ಲಿ ಒಬ್ಬನ ಮತಕ್ಕೆ ಇನ್ನೊಬ್ಬನ ಮತದ ಎರಡು ಪಟ್ಟು ತೂಕ! ಅದೇ ಚುನಾವಣೆಯಲ್ಲಿ ಭಾಜಪ ಮತ್ತು ಜನತಾದಳದ ಮೈತ್ರಿ ಸುಮಾರು 52 ಶೇಕಡಾ ಮತ ಪಡೆದು 19 ಸ್ಥಾನ ಗೆದ್ದಿತು, ಸುಮಾರು 45 ಶೇಕಡಾ ಮತ ಪಡೆದ ಕಾಂಗ್ರೆಸ್‌ಗೆ ದಕ್ಕಿದ್ದು 9. ಇದು ಅಕ್ರಮವೇನಲ್ಲ, ಹೆಚ್ಚು ಮತ ಪಡೆದವನೇ ಗೆಲ್ಲುವ ಪದ್ಧತಿಯ ಸಹಜ ಫಲ. ಆದರೆ ಇಂಥ ಪದ್ಧತಿಯಲ್ಲಿ ಯಾರು ಯಾವ ಗೆರೆಯೊಳಗಿದ್ದಾರೆ ಎಂಬುದು ಎಷ್ಟು ನಿರ್ಣಾಯಕ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಮೆರಿಕದಲ್ಲಿ ಈ ಆಟ ಹಳೆಯದು. 1812ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್‌ಬ್ರಿಡ್ಜ್ ಗೆರ್ರಿ ಸಹಿ ಹಾಕಿದ ಒಂದು ವಕ್ರ ಕ್ಷೇತ್ರದಿಂದಾಗಿ ಆ ದುಷ್ಟ ಪದ್ಧತಿಗೆ ಅವರ ಹೆಸರೇ ಅಂಟಿಕೊಂಡಿತು. ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿ ಗೆರೆ ಎಳೆಯುವುದು ಶಾಸಕರೇ. 2025ರಲ್ಲಿ ಟೆಕ್ಸಾಸ್ ರಾಜ್ಯ ಒಂದು ಪಕ್ಷಕ್ಕೆ ಹೆಚ್ಚು ಸ್ಥಾನ ಸಿಗುವಂತೆ ಜನಗಣತಿಗೂ ಕಾಯದೆ ಗೆರೆ ಬದಲಿಸಿತು, ಕ್ಯಾಲಿಫೋರ್ನಿಯಾ ಅದಕ್ಕೆ ಪ್ರತಿಯಾಗಿ ಇನ್ನೊಂದು ಪಕ್ಷದ ಪರವಾಗಿ ಬದಲಿಸಿತು. ನಮ್ಮಲ್ಲಿ ಸ್ವತಂತ್ರ ಆಯೋಗವಿರುವುದು ನಿಜಕ್ಕೂ ದೊಡ್ಡ ಭಾಗ್ಯ. ಆದರೆ ದುರುದ್ದೇಶ ಇಲ್ಲದ ಕಡೆ ನಿರ್ಲಕ್ಷ್ಯವೂ ಅಷ್ಟೇ ಹಾನಿ ಮಾಡಬಲ್ಲದು ಎಂಬುದಕ್ಕೆ ಗ್ರಾಮಾಂತರವೇ ಉದಾಹರಣೆ.

ಗೆರೆಯೊಳಗೆ ಕಾಣೆಯಾದವರು

ಹಳ್ಳಿಗನಂತೆಯೇ ಈ ಗೆರೆಯಲ್ಲಿ ಕಾಣೆಯಾದ ಇನ್ನೊಬ್ಬರಿದ್ದಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಮುಸ್ಲಿಮರು ಸುಮಾರು 12.9 ಶೇಕಡಾ. ಈ ರಾಜ್ಯದಿಂದ ಲೋಕಸಭೆಗೆ ಆಯ್ಕೆಯಾದ ಕೊನೆಯ ಮುಸ್ಲಿಮ್ ಸದಸ್ಯರು ಗುಲ್ಬರ್ಗಾದ ಇಕ್ಬಾಲ್ ಅಹ್ಮದ್ ಸರಡಗಿ, ಅದು 2004ರಲ್ಲಿ. 2008ರ ಗೆರೆಗಳ ಮೇಲೆ ನಡೆದ 2009, 2014, 2019 ಮತ್ತು 2024ರ ಸಾರ್ವತ್ರಿಕ ಚುನಾವಣೆಗಳಲ್ಲಿ ಒಬ್ಬರೂ ಗೆದ್ದಿಲ್ಲ. ಎಫ್.ಎಚ್. ಮೊಹ್ಸಿನ್, ಐ.ಜಿ. ಸನದಿ ಅವರಂಥವರನ್ನು ಕಳುಹಿಸಿದ್ದ ಧಾರವಾಡ ದಕ್ಷಿಣ ಕ್ಷೇತ್ರವೇ ಇಲ್ಲವಾಯಿತು. ಗುಲ್ಬರ್ಗಾ ಪರಿಶಿಷ್ಟ ಜಾತಿಗೆ ಮೀಸಲಾಯಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪರಿಶಿಷ್ಟರ ಮೀಸಲಾತಿಯ ಬಗ್ಗೆ ನಮಗೆ ಕಿಂಚಿತ್ ತಕರಾರಿಲ್ಲ. ಅದು ಶತಮಾನಗಳ ಅನ್ಯಾಯಕ್ಕೆ ಸಂವಿಧಾನ ಕೊಟ್ಟ ಉತ್ತರ. ದಲಿತರ ಪಾಲನ್ನು ನಮ್ಮ ನಷ್ಟವೆಂದು ಬಣ್ಣಿಸುವವರು ಇಬ್ಬರಿಗೂ ಹಿತೈಷಿಗಳಲ್ಲ. ಕ್ಷೇತ್ರ ಆಯ್ಕೆಯ ಮಾನದಂಡ ಪಾರದರ್ಶಕವಾಗಿರಬೇಕೆಂಬುದಷ್ಟೇ ನಮ್ಮ ಮಾತು. ಮುಸ್ಲಿಮರು ಹೆಚ್ಚಿರುವ ಕೆಲವು ಕ್ಷೇತ್ರಗಳು ಮೀಸಲಾಗಿ, ಪರಿಶಿಷ್ಟರು ಅದಕ್ಕಿಂತ ಹೆಚ್ಚಿರುವ ಕ್ಷೇತ್ರಗಳು ಮೀಸಲಾಗದೆ ಉಳಿದಿರುವುದನ್ನು 2006ರ ಸಾಚಾರ್ ಸಮಿತಿ ವರದಿ ಗುರುತಿಸಿತ್ತು, ಹೆಚ್ಚು ತರ್ಕಬದ್ಧವಾದ ವಿಧಾನ ಬೇಕೆಂದು ಶಿಫಾರಸು ಮಾಡಿತ್ತು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಗೆರೆಯ ಮೇಲೆ ಹೊರಿಸುವುದು ಅಪ್ರಾಮಾಣಿಕತೆ. 2019ರಲ್ಲಿಯೂ 2024ರಲ್ಲಿಯೂ ಕಾಂಗ್ರೆಸ್ 28 ಕ್ಷೇತ್ರಗಳ ಈ ರಾಜ್ಯದಲ್ಲಿ ಟಿಕೆಟ್ ಕೊಟ್ಟದ್ದು ತಲಾ ಒಬ್ಬ ಮುಸ್ಲಿಮನಿಗೆ, ಎರಡೂ ಬಾರಿ ಬೆಂಗಳೂರು ಕೇಂದ್ರದಲ್ಲಿ. ಗೆರೆ ಬಾಗಿಲನ್ನು ಕಿರಿದು ಮಾಡಿದರೆ ಪಕ್ಷಗಳು ಅದಕ್ಕೆ ಬೀಗ ಹಾಕಿವೆ. ಮತ್ತೆ ಸಮುದಾಯವೋ? ಟಿಕೆಟ್ ಹಂಚುವ ವಾರದಲ್ಲಿ ನಾಯಕರ ಮನೆ ಬಾಗಿಲಲ್ಲಿ ನಿಲ್ಲುವ ನಮ್ಮ ಮುಖಂಡರಲ್ಲಿ ಕರಡು ನಕ್ಷೆ ಪ್ರಕಟವಾದಾಗ ಆಕ್ಷೇಪಣೆ ಬರೆದವರು ಎಷ್ಟು ಮಂದಿ ಎಂದು ಅವರನ್ನೇ ಕೇಳಬೇಕು.

ಮುಂದಿನ ಗೆರೆಗೆ ಮುನ್ನ

ಈ ಹಳೆಯ ಲೆಕ್ಕವನ್ನು ಈಗ ಕೆದಕುವುದೇಕೆ? ಏಕೆಂದರೆ ಹೊಸ ಲೆಕ್ಕದ ಕಾಲ ಹತ್ತಿರವಾಗಿದೆ. ರಾಜ್ಯಗಳ ಲೋಕಸಭಾ ಸ್ಥಾನಗಳನ್ನು 1971ರ ಜನಗಣತಿಯ ಮೇಲೆ ಸ್ಥಗಿತಗೊಳಿಸಿದ್ದು 1976ರ ತಿದ್ದುಪಡಿ. 2001ರಲ್ಲಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಲಾಯಿತು. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. 2023ರಲ್ಲಿ ಅಂಗೀಕಾರವಾದ ಮಹಿಳಾ ಮೀಸಲಾತಿಯನ್ನೂ ಪುನರ್ವಿಂಗಡಣೆಯೊಂದಿಗೆ ಜೋಡಿಸಲಾಯಿತು. ದಕ್ಷಿಣದ ರಾಜ್ಯಗಳು ಉತ್ತರಕ್ಕೆ ಸ್ಥಾನ ಹೋಗುತ್ತದೆಂದು ಆತಂಕಪಡುತ್ತಿವೆ. ಆ ಆತಂಕ ನ್ಯಾಯವಾದುದೇ. ಆದರೆ ದಿಲ್ಲಿಯಿಂದ ಕರ್ನಾಟಕಕ್ಕೆ ನ್ಯಾಯ ಕೇಳುವ ನಾವು ಬೆಂಗಳೂರಿನಿಂದ ಮಧುರೆಗೆ ನ್ಯಾಯ ಕೊಡಲು ಸಿದ್ಧರಿದ್ದೇವೆಯೇ? ನಗರ ಬೆಳೆದಿದೆ. 2001ರಲ್ಲಿ 65 ಲಕ್ಷವಿದ್ದ ನಗರ ಜಿಲ್ಲೆಯ ಜನಸಂಖ್ಯೆ 2011ರಲ್ಲೇ 96 ಲಕ್ಷ ತಲುಪಿತ್ತು. ಅದಕ್ಕೆ ಹೆಚ್ಚಿನ ಸ್ಥಾನ ಸಿಗುವುದು ಸಹಜ, ಸಿಗಲಿ. ಆದರೆ ಈ ಸಲವೂ ನಗರದ ಮಿಗತೆಯನ್ನು ಹಳ್ಳಿಗಳಿಗೆ ಜೋಡಿಸಿದರೆ, ನೆಲಮಂಗಲ, ಹೊಸಕೋಟೆ, ದೊಡ್ಡಬಳ್ಳಾಪುರಗಳ ಹಳ್ಳಿಗರು ಮಹಾನಗರದ ಬಾಲವಾಗಿ ಉಳಿಯುತ್ತಾರೆ.

ಗೆರೆ ಒಮ್ಮೆ ಬಿದ್ದರೆ ಅಳಿಸುವುದು ಕಷ್ಟ. ಸಂವಿಧಾನದ 329ನೇ ವಿಧಿ ಅದನ್ನು ನ್ಯಾಯಾಲಯದಿಂದ ಬಹುಮಟ್ಟಿಗೆ ದೂರವಿಟ್ಟಿದೆ. ಕಣ್ಣಿಗೆ ಕಾಣುವಷ್ಟು ನಿರಂಕುಶವಾಗಿದ್ದರೆ ಪರಿಶೀಲಿಸಬಹುದೆಂದು 2024ರಲ್ಲಿ ಸುಪ್ರೀಮ್ ಕೋರ್ಟ್ ಹೇಳಿರುವುದು ಸ್ವಲ್ಪ ಸಮಾಧಾನ. ಹೀಗಾಗಿ ಮಾತನಾಡಬೇಕಾದ ಹೊತ್ತು ಕರಡು ಪ್ರಕಟವಾಗುವ ಹೊತ್ತು. 2002ರ ಕಾಯ್ದೆಯ ಮಾದರಿಯಲ್ಲಿ ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಆಯೋಗದ ಸಹ ಸದಸ್ಯರಾಗಿರುತ್ತಾರೆ, ಅವರಿಗೆ ಮತದಾನದ ಹಕ್ಕಿಲ್ಲ. ಕರಡಿಗೆ ಆಕ್ಷೇಪಣೆ ಸಲ್ಲಿಸುವ ಅವಕಾಶ ಎಲ್ಲರಿಗೂ ಇರುತ್ತದೆ. ಆದರೆ ಆ ಕಾಯ್ದೆಯ ಪ್ರಕಾರ ಇಡೀ ರಾಜ್ಯಕ್ಕೆ ಒಂದೇ ಒಂದು ಬಹಿರಂಗ ಸಭೆ ನಡೆಸಿದರೂ ಸಾಕು. ಆರು ಕೋಟಿ ಜನರಿಗೆ ಒಂದು ಸಭೆ!

ಆದ್ದರಿಂದ ನಮ್ಮ ಬೇಡಿಕೆಗಳು ಸರಳ. ಕರಡನ್ನು ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಅಂಟಿಸಬೇಕು. ಪ್ರತಿ ಜಿಲ್ಲೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಜನಸಂಖ್ಯೆ ಅನುಮತಿಸುವಲ್ಲಿ ಜಿಲ್ಲೆಯನ್ನು ಒಡೆಯಬಾರದು, ಒಡೆಯಬೇಕಾದಲ್ಲಿ ಕಾರಣವನ್ನು ಬರಹದಲ್ಲಿ ಕೊಡಬೇಕು. ನಗರದ ಮಿಗತೆಯನ್ನು ಹಳ್ಳಿಗಳ ನಡುವೆ ಹಂಚಬಾರದು. ಮೀಸಲು ಕ್ಷೇತ್ರಗಳ ಆಯ್ಕೆಯ ಅಂಕಿಅಂಶ ಬಹಿರಂಗವಾಗಿರಬೇಕು. ಕ್ಷೇತ್ರದ ಹೆಸರು ಅದರೊಳಗಿನ ಊರಿನದ್ದೇ ಆಗಿರಬೇಕು.

ಪಕ್ಷಗಳು ಇದನ್ನು ಕೇಳುವುದಿಲ್ಲ, ಏಕೆಂದರೆ ಅವು ಗೆರೆಯನ್ನು ನೋಡುವುದು ತಮ್ಮ ಸ್ಥಾನಗಳ ಲೆಕ್ಕದಲ್ಲಿ. ಕೇಳಬೇಕಾದವರು ನಾವು. ಮಧುರೆಯ ರೈತ, ದೊಡ್ಡಬಳ್ಳಾಪುರದ ನೇಕಾರ, ಹೊಸಕೋಟೆಯ ಹೂವಿನ ವ್ಯಾಪಾರಿ, ನೆಲಮಂಗಲದ ಕೂಲಿ, ಅವರು ಯಾವ ಧರ್ಮದವರಾದರೂ ಈ ಗೆರೆಯಲ್ಲಿ ಕಳೆದುಕೊಂಡದ್ದು ಒಂದನ್ನೇ: ‘ಇವರು ನಮ್ಮ ಪ್ರತಿನಿಧಿ’ ಎಂದು ಒಬ್ಬರತ್ತ ಬೆರಳು ತೋರಿಸಿ ಹೊಣೆ ಕೇಳುವ ಹಕ್ಕನ್ನು. ಕಳೆದ ಸಲ ಕರಡು ಬಂದಾಗ ಹಳ್ಳಿ ಮಲಗಿತ್ತು, ನಗರ ಎಚ್ಚರವಾಗಿತ್ತು. ಈ ಸಲ ಹಾಗಾಗಬಾರದು. ಆ ದಿನಕ್ಕೆ ಕಾಯದೆ ನಮ್ಮ ಪಂಚಾಯತಿಗಳು, ರೈತ ಸಂಘಗಳು, ಮಸೀದಿ ಜಮಾಅತ್‌ಗಳು, ಮಹಿಳಾ ಸಂಘಗಳು ಈಗಲೇ ನಕ್ಷೆ ಹರಡಿಕೊಂಡು ಕೂರಲಿ. ನಮ್ಮ ಊರಿನ ಗೆರೆಯನ್ನು ಇನ್ನೊಬ್ಬರು ಎಳೆಯುವ ಮುನ್ನ ಅದು ಎಲ್ಲಿರಬೇಕೆಂದು ಹೇಳುವಷ್ಟು ಪೂರ್ವಸಿದ್ಧತೆ ನಮಗಿರಲಿ.